ಎಡ ಮೇಲಿನ ಬೆಳಕು

ಕಲ್ಲಾದ ಮೂಳೆಗೆ ಬೆಳಕು ಯಾವಾಗಲೂ
ಎಡಗಡೆ ಮೇಲಿಂದಲೇ ಬೀಳಬೇಕು.
ಅದು ನಿಯಮ. ನನ್ನ ಕೋಣೆಯ ಕಿಟಕಿ ಇರುವುದು ಬಲಕ್ಕೆ,
ಅದರಾಚೆ ಮಂಡಕ್ಕಿ ಭಟ್ಟಿಗಳ ಸಾಲು,
ಹೊಗೆ ಇಳಿದರೆ ದಾವಣಗೆರೆಗೆ ಎಡಬಲವೇ ಇಲ್ಲ.
ಅದಕ್ಕೇ ಟ್ಯೂಬ್‌ಲೈಟನ್ನು ಎಡಗೋಡೆಗೆ ಕಟ್ಟಿಕೊಂಡು
ಬರೆಯುತ್ತೇನೆ, ಚುಕ್ಕಿ, ಚುಕ್ಕಿ, ಚುಕ್ಕಿ,

ಒಂದು ದವಡೆ.

ಗೋದಾವರಿ ಸೀಮೆಯ ಕೆಂಪು ಕಲ್ಲಿನಿಂದ ಬಂದದ್ದು.
ಬಂದದ್ದು ದವಡೆಯಲ್ಲ, ಅದರ ಹನ್ನೊಂದು ಫೋಟೊ,
ಪಕ್ಕದಲ್ಲಿ ಅಳತೆಗೋಲು, ಜೊತೆಗೊಂದು ಪತ್ರ:
ಮೊಸಳೆಯ ಬಳಗ, ಆದರೆ ಮೊಸಳೆಯಲ್ಲ;
ನೆಟ್ಟಗೆ ನಿಂತ ಕಾಲು, ನಾಯಿಯಷ್ಟು ಎತ್ತರ,
ನೀರಿಗೆ ಇಳಿದದ್ದೇ ಇಲ್ಲವೇನೋ. ಹೆಸರು ಇನ್ನೂ ಇಟ್ಟಿಲ್ಲ.
ಬಿಲ್ಕೀಸ್ ಅವರೇ, ಕಂಡದ್ದನ್ನಷ್ಟೇ ಬರೆಯಿರಿ.

ಮೊದಲು ನಾನು ಅಂಗಡಿ ಬೋರ್ಡು ಬರೆಯುತ್ತಿದ್ದವಳು.
ಪಿ.ಬಿ. ರಸ್ತೆಯ ಟೈರಿನಂಗಡಿಗೆ ಬರೆದ ಹುಲಿ
ಈಗಲೂ ಅರ್ಧ ಇದೆ, ಉಳಿದರ್ಧದ ಮೇಲೆ ಫ್ಲೆಕ್ಸು.
ಆ ಹುಲಿಗೆ ನಾಲ್ಕು ಹಲ್ಲು ಜಾಸ್ತಿ ಇಟ್ಟಿದ್ದೆ,
ಮಾಲೀಕ ಖುಷಿಯಾಗಿ ಐವತ್ತು ಹೆಚ್ಚು ಕೊಟ್ಟ.
ಇಲ್ಲಿ ಹಾಗಿಲ್ಲ.
ಇದ್ದ ಹಲ್ಲಿಗೆ ಗಟ್ಟಿ ಗೆರೆ,
ಉದುರಿದ ಹಲ್ಲಿಗೆ ಬರೀ ಕುಳಿ,
ಮುರಿದುಹೋದ ಮೂತಿಗೆ ತುಂಡು ತುಂಡು ಗೆರೆ:
ಇತ್ತು, ಇಲ್ಲ, ಎಂದು ಒಂದೇ ಉಸಿರಲ್ಲಿ ಹೇಳುವ ಗೆರೆ.

ಅಮ್ಮಿ ಭಟ್ಟಿಯಿಂದ ಬಂದಳು, ಹುಬ್ಬಿನ ಮೇಲೆ ಬೂದಿ.
ಮೂವತ್ತು ವರ್ಷ ಕಾದ ಮರಳಲ್ಲಿ ಅಕ್ಕಿ ಹುರಿದು
ಜರಡಿ ಹಿಡಿದವಳು; ಮರಳು ಕೆಳಗೆ, ಮಂಡಕ್ಕಿ ಮೇಲೆ.
ಅವರೂ ಜರಡಿ ಹಿಡಿಯುತ್ತಾರಂತೆ ಅಮ್ಮಿ, ಅಂದೆ,
ಮೂಟೆಗಟ್ಟಲೆ ಮಣ್ಣು ಸೋಸಿದರೆ ಒಂದು ಹಲ್ಲು,
ಜೋಳದ ಕಾಳಿನಷ್ಟು.
"ಒಂದು ಹಲ್ಲಿಗೆ ಕೂಲಿ ಯಾರು ಕೊಡ್ತಾರೆ?"
ಎನ್ನುತ್ತಲೇ ಫೋಟೊದ ಹತ್ತಿರ ಬಗ್ಗಿದಳು.
ನಾಲಿಗೆ ತನ್ನ ಬಲದವಡೆಯ ಖಾಲಿ ಜಾಗ ತಡವುತ್ತಿತ್ತು.
"ಇದಕ್ಕೂ ಏಳನೇದು ಹೋಗೇತಿ."

ಹೌದು. ಆ ಏಳನೇ ಕುಳಿಯೊಳಗೆ
ಮೊಳಕೆ ಹಲ್ಲೊಂದನ್ನು ಕಂಡಿದ್ದೆ ನಾನು,
ಅಥವಾ ಕಾಣಬೇಕೆಂದಿದ್ದೆ. ಹನ್ನೆರಡು ಚುಕ್ಕಿ ಇಟ್ಟೆ.
ಮೂರು ವಾರಕ್ಕೆ ವಾಪಸು ಬಂತು, ಪರಿಶೀಲಕರ ಮಾತು:
ನಾಲ್ಕನೇ ಚಿತ್ರ, ಏಳನೇ ಕುಳಿ, ಅಲ್ಲಿ ಮಣ್ಣಿದೆ, ಹಲ್ಲಿಲ್ಲ.
ಬ್ಲೇಡಿನ ಮೂಲೆಯಿಂದ ಕೆರೆದೆ, ಒಂದೊಂದೇ.
ಇಪ್ಪತ್ತೆರಡು ಕೋಟಿ ವರ್ಷ ಇಲ್ಲದೇ ಇದ್ದದ್ದನ್ನು
ಒಂದು ಮಧ್ಯಾಹ್ನದಲ್ಲಿ ಇಲ್ಲವಾಗಿಸಿದೆ.

ಆ ರಾತ್ರಿ ಕರೆಂಟು ಹೋಯಿತು.
ಮೊಬೈಲ್ ಬೆಳಕು ಬಲದಿಂದ ಬಿತ್ತು, ನಿಯಮಕ್ಕೆ ವಿರುದ್ಧ,
ದವಡೆ ಒಂದಿಷ್ಟು ತೆರೆದಂತೆ.
ಬೇರೆ ಹಾಳೆ ತೆಗೆದೆ, ಕಿರಾಣಿ ಅಂಗಡಿಯದು, ತೆಳ್ಳಗಿನದು.
ಅದರ ಮೇಲೆ ಬರೆದೆ ಕಾಣದ್ದನ್ನೆಲ್ಲ:
ಕತ್ತು, ಗಂಟಲಿನ ಸುಕ್ಕು, ಬೆನ್ನ ಮೇಲಿನ ಬಿಲ್ಲೆಗಳ ಸಾಲು,
ಕೊನೆಗೆ ಕಣ್ಣು.
ಕಣ್ಣಿಗೆ ಸಾಕ್ಷಿಯಿಲ್ಲ, ಕಲ್ಲು ಅದನ್ನು ಇಟ್ಟುಕೊಳ್ಳುವುದಿಲ್ಲ.
ಭಟ್ಟಿಯ ಬಾಗಿಲಲ್ಲಿ ಮಲಗುವ ಕುಂಟನಾಯಿಯ ಕಣ್ಣನ್ನು
ಸ್ವಲ್ಪ ಕಿರಿದು ಮಾಡಿ ಇಟ್ಟೆ.
ಅದು ಕಿಟಕಿಯತ್ತ ನೋಡಿತು, ನನ್ನತ್ತ ಅಲ್ಲ.

ಆರಿದ್ರಾ ಹೊತ್ತಿಗೆ ಹೆಸರಾಯಿತು.
ಮೊದಲ ಪದ ಸಿಕ್ಕ ಹಳ್ಳಿಯದು, ಎರಡನೆಯದು
ಎಡವಿ ಬಿದ್ದು ಅದನ್ನು ಕಂಡ ಕುರಿ ಕಾಯುವ ಹುಡುಗಿಯದು,
ಎರಡಕ್ಕೂ ಲ್ಯಾಟಿನ್ನಿನ ಬಾಲ.
ಕೊನೆಯ ಪುಟದಲ್ಲಿ, ಇರುವೆಯಂಥ ಅಕ್ಷರದಲ್ಲಿ,
ಚಿತ್ರ: ಬಿಲ್ಕೀಸ್, ದಾವಣಗೆರೆ.
ಅಮ್ಮಿಗೆ ತೋರಿಸಿದೆ. ಓದು ಬಾರದವಳು
ಹೆಸರನ್ನಲ್ಲ, ಏಳನೇ ಕುಳಿಯನ್ನು ಬೆರಳಿಟ್ಟು ಹುಡುಕಿ
"ಬರಿದು. ಸರಿ ಐತಿ" ಅಂದಳು.

ಆ ಇನ್ನೊಂದು ಹಾಳೆ?
ಪಕ್ಕದ ಮನೆಯ ಹುಡುಗ ಬಂದಾಗ ಅಮ್ಮಿ
ಅದರಲ್ಲೇ ಪೊಟ್ಟಣ ಕಟ್ಟಿ ಕೊಟ್ಟುಬಿಟ್ಟಿದ್ದಳು,
ಖಾರ ಮಂಡಕ್ಕಿ, ಮೇಲೊಂದು ಮಿರ್ಚಿ.
ತಡೆಯಲು ಓಡಿದೆ. ಹುಡುಗ ಆಗಲೇ ತಿರುವಿನಲ್ಲಿದ್ದ.
ಎಣ್ಣೆ ಇಳಿದು ಕಾಗದ ಗಾಜಾಗಿ
ಕಣ್ಣು ಒದ್ದೆಯಾಗಿ ಹೊಳೆಯಿತು,
ಹೊಗೆಯಲ್ಲಿ, ಎಡಕ್ಕೋ ಬಲಕ್ಕೋ,
ನಡೆದುಹೋಯಿತು.